ಸೀಟಿ ಊದುವ ಮುನ್ನ

ಪಂದ್ಯದ ದಿನ ಬೆಳಿಗ್ಗೆ ತಟ್ಟೆಗೆ ಹಾಕಿದ ಇಡ್ಲಿ ಹಾಗೆಯೇ ಉಳಿಯುತ್ತದೆ. ಒಂದು ತುತ್ತು ಬಾಯಿಗಿಟ್ಟರೆ ಗಂಟಲಲ್ಲಿ ಇಳಿಯುವುದಿಲ್ಲ. ಅಂಗೈ ತಣ್ಣಗಾಗಿ ಬೆವರುತ್ತದೆ. ಮೈದಾನ ತಲುಪುವಷ್ಟರಲ್ಲಿ ಎರಡು ಸಲ ಮೂತ್ರಕ್ಕೆ ಹೋಗಿ ಬಂದಿರುತ್ತೀರಿ. ಮೊಣಕಾಲು ಸಣ್ಣಗೆ ನಡುಗುತ್ತಿರುತ್ತದೆ. ತಾಲ್ಲೂಕು ಮಟ್ಟದ ಕಬಡ್ಡಿಯಿರಲಿ, ಅಂತರಕಾಲೇಜು ಓಟವಿರಲಿ, ಇದನ್ನು ಅನುಭವಿಸದ ಆಟಗಾರರು ಕಡಿಮೆ. ಜೊತೆಯವರು ಕಂಡರೆ ‘ಪುಕ್ಕಲ’ ಎಂದು ನಗುತ್ತಾರೆ. ನಗುವವರು ಯಾರೂ ಇಲ್ಲದಿದ್ದರೂ ನೀವೇ ನಿಮ್ಮನ್ನು ಹಾಗೆ ಕರೆದುಕೊಳ್ಳುತ್ತೀರಿ, ಕಷ್ಟವಿರುವುದು ಅಲ್ಲಿಯೇ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಹುಡುಗ ಹುಡುಗಿಯರು ಸೋಲಿಗೆ ಹೆದರದೆ, ಈ ನಡುಕಕ್ಕೆ ನಾಚಿ ಆಟ ಬಿಡುವುದುಂಟು.

ಈ ನಡುಕ ಎಲ್ಲಿಂದ ಬರುತ್ತದೆ, ಯಾತಕ್ಕೆ ಬರುತ್ತದೆ ಎಂದು ಹುಡುಕಿದವರ ಕಥೆ ನೂರು ವರ್ಷಕ್ಕೂ ಹಳೆಯದು. ಅದರಲ್ಲಿ ಆಟಗಾರರಷ್ಟೇ ಮುಖ್ಯ ಪಾತ್ರ ವಹಿಸಿದವರು ಆಡದೆ ಕುಳಿತವರು. ಆ ಕಥೆಯನ್ನು ನಿಮಗೆ ಹೇಳಬೇಕೆಂದು ಈ ಬರಹ.

ಮೊದಲು ಇಡ್ಲಿಯ ವಿಷಯ. 1895ರ ಕೊನೆಯಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದರು. ಮರುವರ್ಷವೇ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ವಾಲ್ಟರ್ ಕ್ಯಾನನ್ ಎಂಬ ವಿದ್ಯಾರ್ಥಿ, ಈ ಕಿರಣಗಳಿಂದ ಜೀರ್ಣಕ್ರಿಯೆಯನ್ನು ಕಣ್ಣಾರೆ ನೋಡಲು ಹೊರಟರು. ಆಹಾರಕ್ಕೆ ಬಿಸ್ಮತ್ ಲವಣ ಬೆರೆಸಿ ಬೆಕ್ಕಿಗೆ ತಿನ್ನಿಸಿದರೆ ಜಠರದ ನೆರಳು ಪರದೆಯ ಮೇಲೆ ಬೀಳುತ್ತದೆ. ಜಠರ ಅಲೆಅಲೆಯಾಗಿ ಹಿಸುಕಿ ಆಹಾರವನ್ನು ಅರೆಯುವುದು ಕಾಣುತ್ತದೆ. ನೋಡುತ್ತ ಕುಳಿತ ಕ್ಯಾನನ್‌ಗೆ ಒಂದು ತೊಡಕು ಎದುರಾಯಿತು. ಬೆಕ್ಕು ಕೆರಳಿದರೆ, ಬಿಡಿಸಿಕೊಳ್ಳಲು ಹೆಣಗಿದರೆ ಆ ಅಲೆ ಥಟ್ಟನೆ ನಿಲ್ಲುತ್ತಿತ್ತು. ಬೆಕ್ಕು ಶಾಂತವಾದರೆ ಮತ್ತೆ ಶುರು. ಬೇರೆ ಯಾರಾದರೂ ಆಗಿದ್ದರೆ ಬೆಕ್ಕನ್ನು ಬೈದು ಇನ್ನೊಂದನ್ನು ತರುತ್ತಿದ್ದರೋ ಏನೋ. ಕ್ಯಾನನ್ ಆ ತೊಡಕನ್ನೇ ಪ್ರಶ್ನೆಯಾಗಿ ಹಿಡಿದರು. ಮನಸ್ಸಿನ ಕಳವಳ ಹೊಟ್ಟೆಯನ್ನು ಹೇಗೆ ನಿಲ್ಲಿಸುತ್ತದೆ?

ಅಷ್ಟರಲ್ಲಿ ಬೇರೊಂದು ದಿಕ್ಕಿನಿಂದ ಉತ್ತರದ ಅರ್ಧ ಭಾಗ ಸಿದ್ಧವಾಗುತ್ತಿತ್ತು. ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಪುಟ್ಟ ಗ್ರಂಥಿಗಳಿವೆ; ಅವೇ ಅಡ್ರೀನಲ್ ಗ್ರಂಥಿಗಳು. 1894ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಈ ಗ್ರಂಥಿಯ ಸಾರವನ್ನು ಪ್ರಾಣಿಗಳ ರಕ್ತನಾಳಕ್ಕೆ ಸೇರಿಸಿದರೆ ರಕ್ತದೊತ್ತಡ ಜಿಗಿಯುವುದನ್ನು ತೋರಿಸಿದರು. 1901ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಜಪಾನಿ ರಸಾಯನಜ್ಞ ಜೋಕಿಚಿ ತಾಕಾಮಿನೆ ಅದರೊಳಗಿನ ವಸ್ತುವನ್ನು ಹರಳಾಗಿ ಬೇರ್ಪಡಿಸಿದ ವಿಷಯ ಪ್ರಕಟಿಸಿ, ಅದಕ್ಕೆ ಅಡ್ರಿನಲಿನ್ ಎಂದು ಹೆಸರಿಟ್ಟರು. ‘ಹಾರ್ಮೋನು’ ಎಂಬ ಪದ ಆಗ ಇನ್ನೂ ಹುಟ್ಟಿರಲಿಲ್ಲ. ಅದನ್ನು ಲಂಡನ್ನಿನ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ.

1911ರಲ್ಲಿ ಕ್ಯಾನನ್ ಮತ್ತು ಅವರ ಸಹೋದ್ಯೋಗಿ ದೆ ಲಾ ಪಾಜ್ ಈ ಎರಡು ಎಳೆಗಳನ್ನು ಗಂಟು ಹಾಕಿದರು. ಬೆಕ್ಕಿನೆದುರು ನಾಯಿ ಬೊಗಳುತ್ತದೆ. ಅಡ್ರೀನಲ್ ಗ್ರಂಥಿಯಿಂದ ರಕ್ತ ಹೊರಬರುವ ಜಾಗಕ್ಕೆ ತೆಳುವಾದ ನಳಿಕೆ ತೂರಿಸಿ, ನಾಯಿ ಬೊಗಳುವ ಮೊದಲಿನ ರಕ್ತವನ್ನೂ ಬೊಗಳಿದ ನಂತರದ ರಕ್ತವನ್ನೂ ತೆಗೆದಿಟ್ಟುಕೊಂಡರು. ಆ ಕಾಲದಲ್ಲಿ ಅಡ್ರಿನಲಿನ್ ಅಳೆಯುವ ಯಂತ್ರವಿರಲಿಲ್ಲ. ಕರುಳಿನ ಒಂದು ಸಣ್ಣ ಪಟ್ಟಿಯೇ ಅವರ ಅಳತೆಗೋಲು. ಶಾಂತ ಬೆಕ್ಕಿನ ರಕ್ತದಲ್ಲಿ ಅದ್ದಿದರೆ ಆ ಪಟ್ಟಿ ಲಯವಾಗಿ ಮಿಡಿಯುತ್ತಿತ್ತು. ಹೆದರಿದ ಬೆಕ್ಕಿನ ರಕ್ತದಲ್ಲಿ ಅದ್ದಿದರೆ ಸಡಿಲಾಗಿ ಸುಮ್ಮನಾಗುತ್ತಿತ್ತು. ಹೆದರಿಕೆ ಎಂಬುದು ರಕ್ತದಲ್ಲಿ ಕರಗಿರುವ ವಸ್ತುವಾಗಿ ಸಿಕ್ಕಿಬಿದ್ದಂತಾಯಿತು. (ಬೆಕ್ಕಿನ ಪಾಡು ನೆನೆದು ನಿಮಗೆ ಕಸಿವಿಸಿಯಾದರೆ ಅದು ಸಹಜ. ಇಂದು ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು.)

ಅಡ್ರಿನಲಿನ್ ಮಾಡುವ ಕೆಲಸಗಳನ್ನು ಒಂದೊಂದಾಗಿ ನೋಡಿದ ಕ್ಯಾನನ್‌ಗೆ ಅವುಗಳಲ್ಲಿ ಒಂದು ಹೊಂದಾಣಿಕೆ ಕಂಡಿತು. ಹೃದಯ ಬಿರುಸಾಗುತ್ತದೆ. ಜಠರಕ್ಕೂ ಚರ್ಮಕ್ಕೂ ಹೋಗುವ ರಕ್ತ ಕಡಿಮೆಯಾಗಿ ಮಾಂಸಖಂಡಗಳಿಗೆ ಹೋಗುವುದು ಹೆಚ್ಚುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇವೆಲ್ಲ ಹೋರಾಡಲು ಅಥವಾ ಓಡಿಹೋಗಲು ಬೇಕಾದ ಸಿದ್ಧತೆಗಳೇ ಅಲ್ಲವೇ? ಬೆಳಗಿನ ಇಡ್ಲಿ ಬೇಡವೆನ್ನಿಸುವುದೂ ಅಂಗೈ ತಣ್ಣಗಾಗುವುದೂ ಈ ಸಿದ್ಧತೆಯ ಪಕ್ಕದ ಪರಿಣಾಮಗಳು.

ಇದೆಲ್ಲ ಬೆಕ್ಕಿನ ಮಾತಾಯಿತು. ಮನುಷ್ಯರಲ್ಲಿ ನೋಡುವುದು ಹೇಗೆ? ಹುಡುಗರ ಮುಂದೆ ನಾಯಿ ಬಿಡಲಾಗದು. ನಾಯಿಯ ಜಾಗದಲ್ಲಿ ಕ್ಯಾನನ್ ಪಂದ್ಯವನ್ನು ಇಟ್ಟರು. ರಕ್ತದಲ್ಲಿ ಸಕ್ಕರೆ ಮಿತಿ ಮೀರಿದರೆ ಅದು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಪತ್ತೆ ಮಾಡುವುದು ಅಂದಿನ ಪ್ರಯೋಗಶಾಲೆಗೆ ಸುಲಭ. 1913ರ ಋತುವಿನ ಕೊನೆಯ, ಅತಿ ರೋಚಕವಾದ ಫುಟ್‌ಬಾಲ್ ಪಂದ್ಯ ಮುಗಿದ ಕೂಡಲೇ ಕ್ಯಾನನ್ ಮತ್ತು ಫಿಸ್ಕ್ ಹಾರ್ವರ್ಡ್ ತಂಡದ 25 ಹುಡುಗರ ಮೂತ್ರ ಪರೀಕ್ಷಿಸಿದರು. ಗೆದ್ದ ಸಂಭ್ರಮದಲ್ಲಿ ಕುಣಿಯುತ್ತಿದ್ದವರ ಕೈಗೆ ಶೀಷೆ ಕೊಟ್ಟು ಒಪ್ಪಿಸಿದ್ದೇ ದೊಡ್ಡ ಸಾಹಸವಿರಬೇಕು! 12 ಮಂದಿಯಲ್ಲಿ ಸಕ್ಕರೆ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಿ. ಆ 12 ಮಂದಿಯಲ್ಲಿ ಐದು ಜನ ಅಂದು ಮೈದಾನಕ್ಕೆ ಇಳಿದೇ ಇರಲಿಲ್ಲ. ಅವರು ಬದಲಿ ಆಟಗಾರರು. ತಮ್ಮ ಹೆಸರು ಕೂಗುತ್ತಾರೋ ಇಲ್ಲವೋ ಎಂದು ಪಂದ್ಯ ಮುಗಿಯುವವರೆಗೂ ಬೆಂಚಿನ ಮೇಲೆ ಕಾದವರು. ಅವರ ಕಾಲು ಒಂದು ಹೆಜ್ಜೆ ಓಡಲಿಲ್ಲ, ಆದರೆ ಯಕೃತ್ತು ಓಟಕ್ಕೆ ಬೇಕಾದ ಸಕ್ಕರೆಯನ್ನು ಬಿಡುಗಡೆ ಮಾಡಿಬಿಟ್ಟಿತ್ತು. ಆಡಿದವರಲ್ಲಿ ಸಕ್ಕರೆ ಕಂಡಿದ್ದರೆ ‘ಶ್ರಮದಿಂದ ಹೀಗಾಯಿತು’ ಎಂದು ತಳ್ಳಿಹಾಕಬಹುದಿತ್ತು. ಬೆಂಚಿನ ಮೇಲೆ ಕುಳಿತ ಆ ಐವರಿಗೆ ಆ ಮಾತು ಹೊಂದುವುದಿಲ್ಲ. ಉದ್ರೇಕಗೊಂಡು ಪಂದ್ಯ ನೋಡಿದ ಹಾರ್ವರ್ಡ್ ಕಡೆಯ ಪ್ರೇಕ್ಷಕರೊಬ್ಬರ ಮೂತ್ರವನ್ನೂ ಪರೀಕ್ಷಿಸಿದ್ದರು. ಅದರಲ್ಲಿಯೂ ಸಕ್ಕರೆ, ಮರುದಿನ ನೋಡಿದರೆ ಮಾಯ. ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಜೊತೆಗೆ ಇನ್ನೊಂದು ವಿವರವಿದೆ. ಅದು ಪರೀಕ್ಷೆ ಬರೆಯುವ ನಿಮಗೆಲ್ಲ ಸಂಬಂಧಿಸಿದ್ದು. ಒಂಬತ್ತು ಮಂದಿ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಕಠಿಣವಾದ ಪರೀಕ್ಷೆ ಬರೆದ ಮೇಲೆ ನಾಲ್ವರಿಗೆ ಹೀಗೆ ಸಕ್ಕರೆ ಕಂಡಿತು. ಸುಲಭದ ಪರೀಕ್ಷೆಯ ನಂತರ ಒಬ್ಬರಿಗೆ ಮಾತ್ರ. ಪೆನ್ನು ಹಿಡಿಯಲು ಅಷ್ಟು ಸಕ್ಕರೆ ಯಾತಕ್ಕೆ? ದೇಹಕ್ಕೆ ಎದುರಿಗಿರುವುದು ಹುಲಿಯೋ ಪ್ರಶ್ನೆಪತ್ರಿಕೆಯೋ ಎಂಬ ವ್ಯತ್ಯಾಸ ತಿಳಿಯದು.

ಹತ್ತಿರ ಹತ್ತಿರ ನಲವತ್ತು ವರ್ಷ ಕಳೆದ ಮೇಲೆ ಇದೇ ಹಾರ್ವರ್ಡಿನಲ್ಲಿ ಈ ಕಥೆ ಮತ್ತೆ ನಡೆಯಿತು. ಈ ಸಲ ಫುಟ್‌ಬಾಲ್ ಬದಲು ದೋಣಿ. ಅಡ್ರಿನಲಿನ್ ಗ್ರಂಥಿಯ ತಿರುಳಿನಿಂದ ಬರುತ್ತದೆ. ಗ್ರಂಥಿಯ ಹೊರಪದರದಿಂದ ಬರುವ ಹಾರ್ಮೋನುಗಳೇ ಬೇರೆ. ಅವುಗಳ ಶೋಧನೆಗೆ ಕೆಂಡಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂದಿತ್ತು. ಅವುಗಳಲ್ಲಿ ನಮಗೆ ಮುಖ್ಯವಾದದ್ದು ಕಾರ್ಟಿಸಾಲ್. ಅಡ್ರಿನಲಿನ್ ಕ್ಷಣದಲ್ಲಿ ಬಂದು ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮರೆಯಾಗುತ್ತದೆ. ಕಾರ್ಟಿಸಾಲ್ ಹಾಗಲ್ಲ. ಮಿದುಳಿನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಡ್ರೀನಲ್ ಹೊರಪದರಕ್ಕೆ ಸಂದೇಶ ಹೋಗಬೇಕು. ಹಾಗಾಗಿ ಅದು ಏರುವುದೂ ನಿಧಾನ, ಇಳಿಯುವುದೂ ನಿಧಾನ. ಅದು ಏರಿದಾಗ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಒಂದು ಬಗೆಯ ಬಿಳಿಕಣಗಳ ಸಂಖ್ಯೆ ಕುಸಿಯುತ್ತದೆ. ಹಾರ್ಮೋನನ್ನು ನೇರವಾಗಿ ಅಳೆಯುವುದು ಕಷ್ಟವಾಗಿದ್ದ ಕಾಲದಲ್ಲಿ ವೈದ್ಯರು ಈ ಕಣಗಳನ್ನು ಎಣಿಸಿ ಕಾರ್ಟಿಸಾಲನ್ನು ಊಹಿಸುತ್ತಿದ್ದರು.

ರೆನಾಲ್ಡ್, ಥಾರ್ನ್ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೋಣಿ ಸ್ಪರ್ಧೆಯ ದಿನ ಹುಟ್ಟುಹಾಕಿದ ಹುಡುಗರ ರಕ್ತದಲ್ಲಿ ಈ ಕಣಗಳು ಕುಸಿದಿದ್ದವು. ಮೈ ಮುರಿದು ದುಡಿದವರಲ್ಲಿ ಕುಸಿದದ್ದು ಆಶ್ಚರ್ಯವಲ್ಲ. ಆದರೆ ಅಂಥ ದೋಣಿಯ ತುದಿಯಲ್ಲಿ ಕಾಕ್ಸ್ ಎಂಬೊಬ್ಬ ಕುಳಿತಿರುತ್ತಾನೆ. ಅವನು ಹುಟ್ಟು ಮುಟ್ಟುವುದಿಲ್ಲ. ಚುಕ್ಕಾಣಿ ಹಿಡಿದು, ಲಯ ಕೂಗಿ ತಂಡವನ್ನು ನಡೆಸುವುದಷ್ಟೇ ಅವನ ಕೆಲಸ. ಅವನ ರಕ್ತದಲ್ಲೂ ಕಣಗಳು ಕುಸಿದಿದ್ದವು. ತರಬೇತುದಾರರಲ್ಲಿಯೂ ಹಾಗೆಯೇ! ‘ಏನೋ ಹೆದರಿಕೆ ನಿನಗೆ?’ ಎಂದು ನಿಮ್ಮನ್ನು ಗದರಿಸುವ ಮೇಷ್ಟರ ರಕ್ತದಲ್ಲಿ ಏನು ನಡೆದಿರುತ್ತದೆ ಎಂಬುದನ್ನು ಇದರಿಂದ ನೀವೇ ಊಹಿಸಿಕೊಳ್ಳಬಹುದು.

1957ರಲ್ಲಿ ಬಾಸ್ಟನ್ನಿನ ವೃತ್ತಿಪರ ಐಸ್ ಹಾಕಿ ಆಟಗಾರರ ಮೇಲೆ ನಡೆದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಎಲ್ಮಜಿಯನ್ ಮತ್ತು ಜೊತೆಗಾರರು ಅಡ್ರಿನಲಿನ್ನನ್ನೂ ಅದರ ಸೋದರ ವಸ್ತುವಾದ ನಾರಡ್ರಿನಲಿನ್ನನ್ನೂ ಬೇರೆ ಬೇರೆಯಾಗಿ ಅಳೆದರು. ಮೈಚಳಿ ಬಿಟ್ಟು ಆಡಿದವರಲ್ಲಿ ನಾರಡ್ರಿನಲಿನ್ ಹೆಚ್ಚಿತ್ತು. ಅಡ್ರಿನಲಿನ್ ಎದ್ದು ಕಂಡದ್ದು ನಿಂತಲ್ಲೇ ಕಾಯುವ ಗೋಲಿಯಲ್ಲಿ, ಮತ್ತು ಆಡಲಾಗದೆ ಕುಳಿತು ನೋಡಿದವರಲ್ಲಿ. ಕಾಲಿಗೆ ಕೆಲಸ ಸಿಕ್ಕವರ ಸ್ಥಿತಿ ಒಂದು, ಕಾಯುವವರ ಸ್ಥಿತಿಯೇ ಇನ್ನೊಂದು. ನಮ್ಮ ಸ್ಟುಡಿಯೋದಲ್ಲಿ ನಾನು ಇದನ್ನು ಕಂಡಿದ್ದೇನೆ. ಕ್ವಿಜ್ ಕಾರ್ಯಕ್ರಮಕ್ಕೆ ಬಂದ ಮಕ್ಕಳಲ್ಲಿ ದೀಪದ ಕೆಳಗೆ ಕುಳಿತು ಉತ್ತರಿಸುವವರಿಗಿಂತ, ಪಕ್ಕದ ಕೋಣೆಯಲ್ಲಿ ತಮ್ಮ ಸರದಿಗೆ ಕಾಯುವವರೇ ಹೆಚ್ಚು ನೀರು ಕೇಳುತ್ತಾರೆ.

ಹಾಗಾದರೆ ಈ ರಸ ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಕೇಳಬಹುದು. ಇದಕ್ಕೆ ಕ್ಯಾನನ್‌ಗಿಂತ ಮೊದಲೇ ಒಬ್ಬರು ಅರೆಬರೆ ಉತ್ತರ ಕೊಟ್ಟಿದ್ದರು. ಅಮೆರಿಕದ ಇಂಡಿಯಾನಾದ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಮೀನುಗಾಳದ ದಾರ ಸುತ್ತುವ ರೀಲನ್ನು ಮಕ್ಕಳ ಕೈಗೆ ಕೊಟ್ಟು, ಒಬ್ಬರೇ ತಿರುಗಿಸುವಾಗ ಎಷ್ಟು ವೇಗ, ಪಕ್ಕದಲ್ಲಿ ಇನ್ನೊಬ್ಬರು ಸ್ಪರ್ಧೆಗೆ ನಿಂತಾಗ ಎಷ್ಟು ವೇಗ ಎಂದು ಅಳೆದರು. 40 ಮಕ್ಕಳಲ್ಲಿ 20 ಮಂದಿ ಸ್ಪರ್ಧೆಯಲ್ಲಿ ಚುರುಕಾದರು. 10 ಮಂದಿಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ಉಳಿದ 10 ಮಂದಿ ನಿಧಾನವಾದರು. ಅವರ ಮುಖ ಕೆಂಪೇರುತ್ತಿತ್ತು, ಉಸಿರು ಕಟ್ಟುತ್ತಿತ್ತು, ತೋಳು ಬಿಗಿದುಕೊಳ್ಳುತ್ತಿತ್ತು ಎಂದು ಟ್ರಿಪ್ಲೆಟ್ ಗುರುತಿಸಿದರು. ಗೆಲ್ಲಬೇಕೆಂಬ ಆಸೆ ಅವರಿಗೆ ಕಡಿಮೆಯಿತ್ತೆಂದಲ್ಲ, ಅತಿಯಾಗಿತ್ತು.

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಕಪ್ಪು ಪೆಟ್ಟಿಗೆ ಬಿಟ್ಟು ಬಿಳಿಯದನ್ನು ಆರಿಸಲು ಕಲಿಸಿದರು. ಸುಲಭದ ಪಾಠಕ್ಕೆ ಜೋರು ಆಘಾತ ಕೆಲಸ ಮಾಡಿತು. ಕಠಿಣ ಪಾಠಕ್ಕೆ ಮಧ್ಯಮ ಆಘಾತವೇ ಮೇಲೆನಿಸಿತು. ಈ ಇಲಿಗಳಿಂದ ಹುಟ್ಟಿದ, ಗುಡ್ಡದ ಆಕಾರದ ನಕ್ಷೆಯೊಂದು ಮುಂದೆ ಕ್ರೀಡಾ ಪುಸ್ತಕಗಳಲ್ಲೆಲ್ಲ ಸೇರಿತು. ಉದ್ವೇಗ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ, ನಡುವೆ ಇದ್ದರೆ ಗೆಲುವು ಎಂದು ಅದು ಹೇಳುತ್ತದೆ. ಚಿತ್ರ ಚೆಂದ. ಆದರೆ ಇಲಿಗಳ ಪಾಠದಿಂದ ಓಟಗಾರರಿಗೆ ಒಂದೇ ಜಿಗಿತದಲ್ಲಿ ಹಾರಿದ್ದು ಅವಸರವಾಯಿತೆಂದೇ ನನ್ನ ಅನಿಸಿಕೆ. ಭಾರ ಎತ್ತುವವರಿಗೆ ಬೇಕಾದ ಉದ್ವೇಗ ಬಂದೂಕಿನಿಂದ ಗುರಿಯಿಡುವವರಿಗೆ ವಿಷ. ಒಂದೇ ಆಟದಲ್ಲಿಯೂ ಒಬ್ಬರ ಹಾಗೆ ಇನ್ನೊಬ್ಬರಿಲ್ಲ. 1970ರ ದಶಕದಲ್ಲಿ ಸೋವಿಯತ್ ರಷ್ಯಾದ ಯೂರಿ ಹಾನಿನ್ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಗಮನಿಸಿ ಹೇಳಿದ್ದೂ ಇದನ್ನೇ. ಕೆಲವರು ತುಂಬ ಆತಂಕದಲ್ಲಿ ಚೆನ್ನಾಗಿ ಆಡುತ್ತಾರೆ, ಕೆಲವರು ತೀರ ಕಡಿಮೆ ಆತಂಕದಲ್ಲಿ. ಇಡೀ ತಂಡವನ್ನು ಸಾಲಾಗಿ ನಿಲ್ಲಿಸಿ ‘ಆರಾಮಾಗಿರಿ’ ಎಂದರೆ ಅರ್ಧ ತಂಡಕ್ಕೆ ಅದು ಬೇಡದ ಉಪದೇಶ.

ಇನ್ನು ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿಗೆ ಬರೋಣ. 1924ರಲ್ಲಿ ಸ್ಪೇನಿನ ವೈದ್ಯ ಗ್ರೆಗೋರಿಯೊ ಮಾರಾನ್ಯೋನ್ 210 ಮಂದಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು ಏನನ್ನಿಸುತ್ತಿದೆ ಎಂದು ಕೇಳಿದ ವರದಿ ಪ್ರಕಟಿಸಿದರು. ಅಡ್ರಿನಲಿನ್ನೇ ಹೆದರಿಕೆಯಾಗಿದ್ದರೆ ಎಲ್ಲರೂ ಹೆದರಬೇಕಿತ್ತು. ಆದರೆ ಹತ್ತರಲ್ಲಿ ಏಳು ಮಂದಿ ‘ಎದೆ ಹೊಡೆದುಕೊಳ್ಳುತ್ತಿದೆ, ಕೈ ನಡುಗುತ್ತಿದೆ’ ಎಂದರೇ ಹೊರತು ಬೇರೇನೂ ಹೇಳಲಿಲ್ಲ. ಉಳಿದವರಲ್ಲಿ ಬಹುಪಾಲು ಜನ ‘ಹೆದರಿದ ಹಾಗೆ ಇದೆ, ಆದರೆ ಹೆದರಿಕೆಯೇನಿಲ್ಲ’ ಎಂದರು. ನಡುಕ ಬಂದಿತ್ತು, ಅದಕ್ಕೊಂದು ಕಾರಣ ಇರಲಿಲ್ಲ. ಆದ್ದರಿಂದ ಅದು ಭಯವಾಗಲಿಲ್ಲ. 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಇದನ್ನೇ ಮುಂದುವರಿಸಿ, ಒಂದೇ ಅಡ್ರಿನಲಿನ್ ಸುತ್ತಲ ಸನ್ನಿವೇಶಕ್ಕೆ ತಕ್ಕಂತೆ ಸಂತೋಷವೂ ಆಗಬಹುದು, ಸಿಟ್ಟೂ ಆಗಬಹುದು ಎಂದು ವಾದಿಸಿದರು. ಅವರ ಪ್ರಯೋಗ ಬಹಳ ಪ್ರಸಿದ್ಧ. ಆದರೆ 1979ರಲ್ಲಿ ಬೇರೆಯವರು ಅದೇ ಮಾದರಿಯಲ್ಲಿ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಕಾರಣ ತಿಳಿಯದ ನಡುಕವನ್ನು ಜನ ಸಾಮಾನ್ಯವಾಗಿ ಅಹಿತವೆಂದೇ ಭಾವಿಸಿದರು. ಸನ್ನಿವೇಶಕ್ಕೆ ತಕ್ಕಂತೆ ನಡುಕ ಏನು ಬೇಕಾದರೂ ಆಗುತ್ತದೆ ಎನ್ನುವುದು ಅತಿಯಾದ ಮಾತು. ಮಾರಾನ್ಯೋನ್ ತೋರಿಸಿದ್ದು ಮಾತ್ರ ಉಳಿಯುತ್ತದೆ. ನಡುಕವೇ ಹೆದರಿಕೆಯಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ‘ಆಟವೇ ಮಕ್ಕಳಿಗೆ ಒತ್ತಡ, ಬಿಡಿಸಿಬಿಡಿ’ ಎನ್ನುವ ಪಾಲಕರು ಎಲ್ಲ ಕಾಲದಲ್ಲೂ ಇದ್ದಾರೆ. ಅಮೆರಿಕದಲ್ಲಿ ಸೈಮನ್ ಮತ್ತು ಮಾರ್ಟೆನ್ಸ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥವರು ಓದಬೇಕಾದದ್ದು. 9ರಿಂದ 14 ವರ್ಷದ 749 ಹುಡುಗರನ್ನು ಸ್ಪರ್ಧೆಗೆ ಸ್ವಲ್ಪ ಮೊದಲು ಪ್ರಶ್ನಾವಳಿಯ ಮೂಲಕ ಮಾತಾಡಿಸಿದರು. ಕೆಲವರು ಆಟಕ್ಕೆ ಇಳಿಯುವವರು, ಕೆಲವರು ತರಗತಿಯ ಪರೀಕ್ಷೆ ಬರೆಯುವವರು, ಕೆಲವರು ವಾದ್ಯ ನುಡಿಸುವವರು. ಆಟಗಳಲ್ಲಿ ಹೆಚ್ಚು ಆತಂಕ ಕಂಡದ್ದು ಕುಸ್ತಿಯಲ್ಲಿ. ಅಲ್ಲಿ ಸೋಲನ್ನು ಹಂಚಿಕೊಳ್ಳಲು ಜೊತೆಗಾರರಿಲ್ಲ. ಆದರೆ ಎಲ್ಲರಿಗಿಂತ ಹೆಚ್ಚು ಆತಂಕದಲ್ಲಿದ್ದವರು ಕುಸ್ತಿಪಟುಗಳಲ್ಲ, ಸ್ಪರ್ಧೆಯಲ್ಲಿ ಒಬ್ಬರೇ ನಿಂತು ವಾದ್ಯ ನುಡಿಸಬೇಕಾದ ಹುಡುಗರು! ಕ್ಲಾರಿನೆಟ್ ಹಿಡಿದವನನ್ನು ಯಾರೂ ಕೆಡವುವುದಿಲ್ಲ, ಗಾಯ ಮಾಡುವುದಿಲ್ಲ. ಅವನನ್ನು ನಡುಗಿಸಿದ್ದು ನೋಡುತ್ತಿರುವ ಕಣ್ಣುಗಳು.

ಹಾರ್ಮೋನನ್ನು ಅಳೆಯುವ ವಿಧಾನ ಈ ಮಧ್ಯೆ ಪೂರ್ತಿ ಬದಲಾಗಿತ್ತು. ಬರ್ಸನ್ ಮತ್ತು ರೋಸಲಿನ್ ಯಾಲೋ ರೂಪಿಸಿದ ವಿಕಿರಣ ವಿಧಾನದಿಂದ (ಯಾಲೋ ಅವರಿಗೆ ಇದಕ್ಕಾಗಿ 1977ರಲ್ಲಿ ನೊಬೆಲ್ ಸಿಕ್ಕಿತು) ಅತ್ಯಲ್ಪ ಪ್ರಮಾಣವನ್ನೂ ಅಳೆಯುವುದು ಸಾಧ್ಯವಾಯಿತು. ಸೂಜಿ ಬೇಡ, ಸ್ವಲ್ಪ ಜೊಲ್ಲುರಸ ಸಾಕು. 1989ರಲ್ಲಿ ಬೂತ್, ಮಜೂರ್ ಮತ್ತಿತರರು ಕಾಲೇಜಿನ ಆರು ಟೆನಿಸ್ ಆಟಗಾರರನ್ನು ಆರು ಪಂದ್ಯಗಳುದ್ದಕ್ಕೂ ಹಿಂಬಾಲಿಸಿ ನೋಡಿದಾಗ, ಹೆಚ್ಚಿನ ಪಂದ್ಯಗಳಿಗೆ ಸ್ವಲ್ಪ ಮೊದಲು ಟೆಸ್ಟೋಸ್ಟಿರೋನ್ ಕೂಡ ಏರುತ್ತಿತ್ತು. ಆರೇ ಜನರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು. ಇನ್ನೊಂದು ಕೊರತೆಯನ್ನೂ ನೀವು ಗಮನಿಸಿರಬಹುದು. ಇಲ್ಲಿ ಹೇಳಿದ ಆಟಗಾರರೆಲ್ಲ ಹುಡುಗರು, ಅದೂ ಹೆಚ್ಚಾಗಿ ಅಮೆರಿಕದವರು. ಋತುಚಕ್ರದೊಂದಿಗೆ ಹಾರ್ಮೋನು ಬದಲಾಗುತ್ತದೆ, ಲೆಕ್ಕ ಕಷ್ಟ ಎಂದು ಹೇಳಿ ಹುಡುಗಿಯರನ್ನು ಬಹುಕಾಲ ಹೊರಗಿಟ್ಟರು. ಕಷ್ಟವೆಂದು ಬಿಟ್ಟದ್ದರಿಂದ ಅರ್ಧ ಆಟಗಾರರ ಕಥೆ ತಡವಾಗಿ ಶುರುವಾಯಿತು.

ನಮ್ಮ ನಾಡಿನ ಒಂದು ಓಟ ಇಲ್ಲಿ ನೆನಪಾಗುತ್ತದೆ. 1984ರ ಆಗಸ್ಟ್ 8, ಲಾಸ್ ಏಂಜಲೀಸ್, ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್. ಪಿ.ಟಿ. ಉಷಾ ಅವರಿಗೆ ಆಗಷ್ಟೇ 20 ತುಂಬಿತ್ತು. ಪಿಸ್ತೂಲು ಹಾರಿತು, ಓಟ ಶುರುವಾಯಿತು, ಮತ್ತೊಬ್ಬ ಓಟಗಾರ್ತಿಯ ತಪ್ಪು ಆರಂಭದಿಂದ ಎಲ್ಲರನ್ನೂ ವಾಪಸ್ಸು ಕರೆದರು. ಮತ್ತೆ ಗೆರೆಯ ಮೇಲೆ ಕೂತು ಓಡಿದ ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಕಂಚು ಪಡೆದ ರುಮೇನಿಯಾದ ಕೊಜೊಕಾರು 55.41. ಆ ತಪ್ಪು ಆರಂಭ ತಮ್ಮ ಲಯ ಕೆಡಿಸಿತೆಂದು ಉಷಾ ಮುಂದೆ ಹೇಳಿದ್ದಾರೆ. ಆ ಎರಡು ಪಿಸ್ತೂಲು ಸದ್ದುಗಳ ನಡುವೆ ಎಂಟು ಓಟಗಾರ್ತಿಯರ ರಕ್ತದಲ್ಲಿ ಏನಾಯಿತೆಂದು ಯಾರೂ ಅಳೆಯಲಿಲ್ಲ. ಆದ್ದರಿಂದ ಸೆಕೆಂಡಿನ ಆ ನೂರನೇ ಒಂದು ಭಾಗವನ್ನು ಅಡ್ರಿನಲಿನ್ ಲೆಕ್ಕಕ್ಕೆ ಬರೆಯಲು ನಾನು ತಯಾರಿಲ್ಲ. ಆದರೆ ಓಡಲು ಸಜ್ಜಾದ ದೇಹವನ್ನು ತಡೆದು ಮತ್ತೆ ಕಾಯಿಸುವುದು ಸಣ್ಣ ವಿಷಯವಲ್ಲ ಎಂಬುದನ್ನು ಬೆಂಚಿನ ಮೇಲಿನ ಹುಡುಗರು 1913ರಲ್ಲಿಯೇ ತೋರಿಸಿದ್ದರು.

ಕೊನೆಗೆ ಮಾತ್ರೆಗಳ ಮಾತು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಿಗಳಿಗಾಗಿ ಪ್ರೊಪ್ರನೊಲಾಲ್ ಎಂಬ ಔಷಧ ರೂಪಿಸಿದರು. 1988ರಲ್ಲಿ ಅವರು ನೊಬೆಲ್ ಬಹುಮಾನ ಹಂಚಿಕೊಂಡರು. ಇದು ಹೃದಯದ ಬಾಗಿಲಲ್ಲಿ ಅಡ್ರಿನಲಿನ್ನಿಗೆ ಅಡ್ಡ ನಿಲ್ಲುತ್ತದೆ. ಎದೆಬಡಿತ ಇಳಿಯುತ್ತದೆ, ಕೈ ನಡುಕ ನಿಲ್ಲುತ್ತದೆ. ಗುರಿ ಹೊಡೆಯುವ ಆಟಗಳಲ್ಲಿ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಶೂಟಿಂಗ್, ಬಿಲ್ಲುಗಾರಿಕೆಯಂಥ ಆಟಗಳಲ್ಲಿ ಇದಕ್ಕೆ ನಿಷೇಧವಿದೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಶೂಟರ್ ಕಿಮ್ ಜೊಂಗ್-ಸು ಒಂದು ಬೆಳ್ಳಿ, ಒಂದು ಕಂಚು ಗೆದ್ದು, ಇದೇ ಔಷಧ ಸಿಕ್ಕಿಬಿದ್ದು ಎರಡನ್ನೂ ಕಳೆದುಕೊಂಡರು. ಪರೀಕ್ಷೆಗೋ ವೇದಿಕೆಗೋ ಮೊದಲು ‘ಒಂದು ಮಾತ್ರೆ ನುಂಗು, ಏನೂ ಆಗಲ್ಲ’ ಎಂದು ಹೇಳುವವರು ನಿಮಗೂ ಸಿಕ್ಕಾರು. ಅಸ್ತಮಾ ಇರುವವರಿಗೆ ಈ ಮಾತ್ರೆ ಉಸಿರನ್ನೇ ಕಟ್ಟಿಸಬಲ್ಲದು. ಊಟ, ನಿದ್ದೆ ಬಿಟ್ಟುಹೋಗಿ ವಾರಗಟ್ಟಲೆ ಆತಂಕ ಕಾಡುತ್ತಿದ್ದರೆ ಅದು ಪಂದ್ಯದ ನಡುಕವಲ್ಲ. ಆಗ ಹೋಗಬೇಕಾದದ್ದು ವೈದ್ಯರ ಬಳಿಗೆ, ಔಷಧದಂಗಡಿಗಲ್ಲ.

ಪ್ರಯೋಗಶಾಲೆಯಿಲ್ಲದೆ ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಒಂದು ಗಡಿಯಾರ, ಒಂದು ನೋಟ್‌ಬುಕ್ ಸಾಕು. ಶಾಲೆಯ ಮುಂದಿನ ಪಂದ್ಯಕ್ಕೆ ಒಂದು ವಾರ ಮೊದಲು, ಎಲ್ಲರೂ ಆರಾಮಾಗಿ ಕುಳಿತಿರುವಾಗ, ಪ್ರತಿಯೊಬ್ಬರ ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ಪಂದ್ಯದ ದಿನ ಸೀಟಿಗೆ ಹತ್ತು ನಿಮಿಷ ಮೊದಲು, ಮೈ ಬಿಸಿಮಾಡಿಕೊಳ್ಳುವ ಮುನ್ನ, ಮತ್ತೆ ಎಣಿಸಿ. ಬದಲಿ ಆಟಗಾರರನ್ನು ಮರೆಯಬೇಡಿ. ಒಪ್ಪಿದರೆ ಮೇಷ್ಟರ ಕೈಯನ್ನೂ ಹಿಡಿಯಿರಿ. ಅಂಕಿಗಳನ್ನು ಮಾತ್ರ ಪಂದ್ಯ ಮುಗಿಯುವವರೆಗೆ ಯಾರಿಗೂ ತೋರಿಸಬೇಡಿ.